ಆಟೊ ಎಂಬ ಹೆಸರು ಯಾಕೆ ಸಿಗಲಿಲ್ಲ?
ಸಿ ಭಾಷೆಯ ಕಾಯ್ದಿರಿಸಿದ ಪದಗಳು: ಕಾಮರ್ಸ್ ವಿದ್ಯಾರ್ಥಿಗಳಿಗಾಗಿ ಒಂದು ಪಾಠ

ನಮ್ಮ ಅಬ್ಬಾ ಆಟೊ ಓಡಿಸುತ್ತಾರೆ. ದಿನದ ಹಿಸಾಬನ್ನು ಅಮ್ಮಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದಿಡುತ್ತಾರೆ. ಎಡಗಡೆ ಬಂದದ್ದು, ಬಲಗಡೆ ಗ್ಯಾಸಿಗೆ ಹೋದದ್ದು. ತಿಂಗಳ ಕೊನೆಯಲ್ಲಿ ಗಾಡಿಯ ಕಂತು ಕಟ್ಟುವ ದಿನ ಬಂತೆಂದರೆ ಮನೆಯಲ್ಲಿ ಒಂದೇ ಪ್ರಶ್ನೆ: "ನೋಟ್‌ಬುಕ್ಕಿನಲ್ಲಿ ಇಷ್ಟು ಉಳಿದಿದೆ, ಡಬ್ಬದಲ್ಲಿ ಯಾಕಿಲ್ಲ?" ಕಳೆದ ರಜೆಯಲ್ಲಿ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ, ಮುಂದೆ ಬಿಸಿಎ ಸೇರಬೇಕೆನ್ನುವವರಿಗಾಗಿ ಸಿ ಭಾಷೆಯ ಪರಿಚಯ ತರಗತಿ ನಡೆಯಿತು. ನಾನೂ ಸೇರಿದೆ. ನಾಲ್ಕನೇ ದಿನವೇ ಮನೆಯಲ್ಲಿ ಹೇಳಿಬಿಟ್ಟೆ: "ಈ ಹಿಸಾಬಿಗೆ ನಾನೇ ಒಂದು ಪ್ರೋಗ್ರಾಂ ಬರೆಯುತ್ತೇನೆ."

ಮರುದಿನ ಲ್ಯಾಬ್‌ನಲ್ಲಿ ಕುಳಿತು ಬರೆದ ಮೊದಲ ಸಾಲು ಇದು:

ಇಂಟ್ ಆಟೊ = 900;

(ಕಂಪ್ಯೂಟರಿನಲ್ಲಿ ಇದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಈ ಲೇಖನದಲ್ಲಿ ಎಲ್ಲವನ್ನೂ ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ.)

ಆಟೊ ಆ ದಿನ ತಂದ ಹಣ 900 ರೂಪಾಯಿ, ಅದಕ್ಕೆ ಆಟೊ ಎಂದೇ ಹೆಸರು. ಇದಕ್ಕಿಂತ ಸುಲಭವಾದ ಹೆಸರು ಇನ್ನೇನಿದೆ? ಆದರೆ ಕಂಪೈಲ್ ಮಾಡಿದ ಕೂಡಲೇ ಎರರ್ ಬಂತು. ಸಮ ಚಿಹ್ನೆಯ ಮುಂಚೆ ಒಂದು ಐಡೆಂಟಿಫೈಯರ್ ಇರಬೇಕಿತ್ತು ಎಂಬುದು ಅದರ ಅರ್ಥ. ಐಡೆಂಟಿಫೈಯರ್ ಎಂದರೆ ಹೆಸರು ಎಂದು ಓದಿದ್ದೆ. ಹೆಸರು ಇದೆಯಲ್ಲ! ಸೆಮಿಕೋಲನ್ ನೋಡಿದೆ, ಇತ್ತು. ಬ್ರಾಕೆಟ್ ಎಣಿಸಿದೆ, ಸರಿಯಿತ್ತು. ಸಾಲನ್ನು ಅಳಿಸಿ ಮತ್ತೆ ಬರೆದೆ, ಅದೇ ಎರರ್. ಸಂಜೆ ಫೋನಿನಲ್ಲಿ ನಮ್ಮ ಖಾಲಾನ ಮಗನನ್ನು ಕೇಳಿದೆ. ಅವನು ಸೈನ್ಸ್ ಓದಿದವನು. "ಕಾಮರ್ಸ್‌ನವರಿಗೆ ಸಿ ಯಾಕೆ? ಲೆಕ್ಕ ಬರೆಯುವುದಕ್ಕೆ ಟ್ಯಾಲಿ ಕಲಿ ಸಾಕು" ಎಂದ. ಎರಡು ದಿನ ನಾನು ಲ್ಯಾಬಿಗೆ ಹೋಗಲಿಲ್ಲ. ಬಿಸಿಎ ಕೋರ್ಸಿನ ಮಾಹಿತಿ ಪತ್ರ ಬ್ಯಾಗಿನ ಅಡಿಯಲ್ಲೇ ಮಡಚಿಕೊಂಡು ಕುಳಿತಿತ್ತು.

ಮೂರನೇ ದಿನ ಮೇಡಂ ಕರೆಸಿ ನನ್ನ ಸಾಲನ್ನು ನೋಡಿದರು. ಬೈಯಲಿಲ್ಲ, ನಗಲೂ ಇಲ್ಲ. "ಆಟೊ ಎಂಬ ಪದ ಯಾವ ಬಣ್ಣದಲ್ಲಿ ಕಾಣುತ್ತಿದೆ?" ಎಂದು ಕೇಳಿದರು. ಇಂಟ್ ಎಂಬ ಪದ ಯಾವ ಬಣ್ಣದಲ್ಲಿತ್ತೋ ಅದೇ ಬಣ್ಣ. "ಹಾಗಾದರೆ ಅದು ನಿನ್ನ ಪದವಲ್ಲ, ಸಿ ಭಾಷೆಯ ಪದ. ಬೇರೆ ಹೆಸರಿಡು" ಎಂದರು. ಆಟೊ ತೆಗೆದು ಕಮಾಯಿ ಎಂದು ಬರೆದೆ. ಎರರ್ ಹೋಯಿತು.

ತಪ್ಪು ನನ್ನ ಬುದ್ಧಿಯಲ್ಲಿ ಇರಲಿಲ್ಲ, ಒಂದು ಹೆಸರಿನಲ್ಲಿ ಇತ್ತು. ನನ್ನ ಹಾಗೆ ಬೇರೆ ಯಾರೂ ಎರಡು ದಿನ ಕಳೆದುಕೊಳ್ಳಬಾರದು ಎಂದು ಈ ಪಾಠ ಬರೆಯುತ್ತಿದ್ದೇನೆ.

ಕಾಯ್ದಿರಿಸಿದ ಪದ ಎಂದರೇನು?

ನಾವು ಬರೆದ ಪ್ರೋಗ್ರಾಮನ್ನು ಕಂಪೈಲರ್ ಮೊದಲು ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯುತ್ತದೆ. ಈ ತುಂಡುಗಳಿಗೆ ಟೋಕನ್ ಎಂದು ಹೆಸರು. ಟೋಕನ್‌ಗಳಲ್ಲಿ ಕೀವರ್ಡ್, ಐಡೆಂಟಿಫೈಯರ್, ಸ್ಥಿರಾಂಕ, ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗ್, ಆಪರೇಟರ್ ಮತ್ತು ವಿರಾಮ ಚಿಹ್ನೆ ಎಂಬ ಬಗೆಗಳಿವೆ. ಅಕ್ಷರಗಳಿಂದಾದ ಒಂದು ತುಂಡು ಸಿಕ್ಕರೆ ಕಂಪೈಲರ್ ಮೊದಲು ತನ್ನ ಪಟ್ಟಿಯನ್ನು ನೋಡುತ್ತದೆ. ಪಟ್ಟಿಯಲ್ಲಿದ್ದರೆ ಅದು ಕೀವರ್ಡ್, ಅಂದರೆ ಕಾಯ್ದಿರಿಸಿದ ಪದ. ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಐಡೆಂಟಿಫೈಯರ್, ಅಂದರೆ ನಾವು ಕೊಟ್ಟ ಹೆಸರು.

ನನ್ನ ಸಾಲಿನಲ್ಲಿ ಆದದ್ದು ಇಷ್ಟೇ. ಇಂಟ್ ಪಟ್ಟಿಯಲ್ಲಿದೆ. ಆಟೊ ಕೂಡ ಪಟ್ಟಿಯಲ್ಲಿದೆ. ಅದರ ಮುಂದಿನ ತುಂಡು ಸಮ ಚಿಹ್ನೆ. ಹಾಗಾದರೆ ಹೆಸರು ಎಲ್ಲಿ? ಕಂಪೈಲರ್ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಅದು "ಆಟೊ ಕೀವರ್ಡ್" ಎಂದು ನೇರವಾಗಿ ಹೇಳದೆ "ಹೆಸರು ಕಾಣುತ್ತಿಲ್ಲ" ಎಂದು ಹೇಳಿದ್ದರಿಂದ ನನಗೆ ಅರ್ಥವಾಗಲಿಲ್ಲ. ಹೆಸರು ಕಣ್ಣಿಗೆ ಕಾಣುತ್ತಿರುವಾಗ ಈ ಎರರ್ ಬಂದರೆ ಮೊದಲು ಆ ಹೆಸರನ್ನೇ ಅನುಮಾನಿಸಿ.

ಬಸ್ಸಿನಲ್ಲಿ ಮಹಿಳೆಯರಿಗೆ ಎಂದು ಬರೆದ ಸೀಟು ಇರುತ್ತದಲ್ಲ, ಕೀವರ್ಡ್ ಹಾಗೆಯೇ. ಆ ಕ್ಷಣಕ್ಕೆ ಸೀಟು ಖಾಲಿ ಇದ್ದರೂ ಅದು ಯಾರಿಗೆ ಮೀಸಲೋ ಅವರದ್ದೇ. ನನ್ನ ಪ್ರೋಗ್ರಾಮಿನಲ್ಲಿ ಆಟೊ ಎಂಬ ಕೀವರ್ಡನ್ನು ಬೇರೆಲ್ಲೂ ಬಳಸಿರಲಿಲ್ಲ, ಆದರೂ ಆ ಹೆಸರು ನನಗೆ ಸಿಗಲಿಲ್ಲ.

ಕಾಯ್ದಿರಿಸದಿದ್ದರೆ ಏನಾಗುತ್ತದೆ?

ಹಾಗೂ ಭಾಷೆಗಳಿವೆ. 1960ರ ದಶಕದಲ್ಲಿ ಐಬಿಎಂ ಕಂಪನಿಯಲ್ಲಿ ರೂಪುಗೊಂಡ ಪಿಎಲ್/ಒನ್ ಎಂಬ ಭಾಷೆಯಲ್ಲಿ ಕೀವರ್ಡ್‌ಗಳಿದ್ದವು, ಆದರೆ ಅವು ಕಾಯ್ದಿರಿಸಿದ ಪದಗಳಾಗಿರಲಿಲ್ಲ. ಅಲ್ಲಿ ಇಫ್ ಎಂಬ ಹೆಸರಿನ ವೇರಿಯಬಲ್ ಕೂಡ ಇಟ್ಟುಕೊಳ್ಳಬಹುದಿತ್ತು. ಆಗ "ಇಫ್ ಇಫ್ = ದೆನ್ ದೆನ್ ದೆನ್ = ಎಲ್ಸ್" ಎಂಬಂಥ ಸಾಲು ಕೂಡ ನಿಯಮದ ಪ್ರಕಾರ ಸರಿಯೇ! ಯಂತ್ರ ಹೇಗೋ ಅರ್ಥ ಮಾಡಿಕೊಂಡೀತು, ಓದುವ ಮನುಷ್ಯನ ಗತಿ?

ಇನ್ನೊಂದು ತುದಿಯಲ್ಲಿ ಕೋಬಾಲ್ ಇದೆ. ವ್ಯಾಪಾರ, ಬ್ಯಾಂಕು, ಸಂಬಳದ ಲೆಕ್ಕಗಳಿಗಾಗಿಯೇ ಹುಟ್ಟಿದ ಭಾಷೆ ಅದು. ಅದರಲ್ಲಿ ಕಾಯ್ದಿರಿಸಿದ ಪದಗಳು ನೂರಾರು. ಹೆಸರಿಡುವ ಮುಂಚೆ ಪಟ್ಟಿ ತೆರೆದು ನೋಡಲೇಬೇಕು. ಸಿ ಇವೆರಡರ ನಡುವಿನ ದಾರಿ ಹಿಡಿಯಿತು. ಪದಗಳನ್ನು ಕಾಯ್ದಿರಿಸಿತು, ಆದರೆ ಬಹಳ ಕಡಿಮೆ ಪದಗಳನ್ನು.

32 ಪದಗಳ ಲೆಕ್ಕ

"ಸಿ ಭಾಷೆಯಲ್ಲಿ ಎಷ್ಟು ಕೀವರ್ಡ್‌ಗಳಿವೆ?" ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರ 32. ಇದು 1989ರ ಅಮೆರಿಕನ್ ಮಾನಕದ, ಅಂದರೆ ಆನ್ಸಿ ಸಿ ಭಾಷೆಯ ಲೆಕ್ಕ. ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ಇದನ್ನೇ ಅನುಸರಿಸುತ್ತವೆ. ಒಂದೇ ಉಸಿರಿಗೆ ಬಾಯಿಪಾಠ ಮಾಡುವ ಬದಲು ಗುಂಪು ಮಾಡಿ ನೆನಪಿಡಿ:

1. ದತ್ತಾಂಶದ ಬಗೆ ಹೇಳುವವು (9): ಇಂಟ್, ಚಾರ್, ಫ್ಲೋಟ್, ಡಬಲ್, ವಾಯ್ಡ್, ಶಾರ್ಟ್, ಲಾಂಗ್, ಸೈನ್ಡ್, ಅನ್‌ಸೈನ್ಡ್
2. ಹೊಸ ಬಗೆ ಕಟ್ಟಿಕೊಳ್ಳಲು (4): ಸ್ಟ್ರಕ್ಟ್, ಯೂನಿಯನ್, ಎನಮ್, ಟೈಪ್‌ಡೆಫ್
3. ವೇರಿಯಬಲ್ ಎಲ್ಲಿ, ಎಷ್ಟು ಕಾಲ ಇರಬೇಕು ಎಂದು ಹೇಳುವವು (4): ಆಟೊ, ರಿಜಿಸ್ಟರ್, ಸ್ಟ್ಯಾಟಿಕ್, ಎಕ್ಸ್‌ಟರ್ನ್
4. ಬೆಲೆ ಬದಲಾಗುವುದರ ಬಗ್ಗೆ ಹೇಳುವವು (2): ಕಾನ್ಸ್ಟ್, ವೊಲಟೈಲ್
5. ಆಯ್ಕೆಗೆ (5): ಇಫ್, ಎಲ್ಸ್, ಸ್ವಿಚ್, ಕೇಸ್, ಡಿಫಾಲ್ಟ್
6. ಪುನರಾವರ್ತನೆಗೆ (3): ಫಾರ್, ವೈಲ್, ಡೂ
7. ಜಿಗಿತಕ್ಕೆ (4): ಬ್ರೇಕ್, ಕಂಟಿನ್ಯೂ, ಗೋಟು, ರಿಟರ್ನ್
8. ಗಾತ್ರ ಅಳೆಯಲು (1): ಸೈಜ್‌ಆಫ್

ಕೂಡಿಸಿ ನೋಡಿ: 9 + 4 + 4 + 2 + 5 + 3 + 4 + 1 = 32. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯಿತು.

ಈ 32 ಮೊದಲಿನಿಂದ ಇದ್ದದ್ದಲ್ಲ

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದರು. ಅದಕ್ಕೂ ಮುಂಚೆ ಅಲ್ಲಿಯೇ ಕೆನ್ ಥಾಂಪ್ಸನ್ ಬಿ ಎಂಬ ಭಾಷೆ ಮಾಡಿದ್ದರು. ಬಿ ಭಾಷೆಯಲ್ಲಿ ಇಂಟ್, ಚಾರ್ ಎಂಬ ಬಗೆಗಳೇ ಇರಲಿಲ್ಲ. ಒಂದು ವೇರಿಯಬಲ್ ಬೇಕಾದರೆ ಆಟೊ ಎಂದು ಬರೆದು ಹೆಸರು ಬರೆಯಬೇಕಿತ್ತು. ಸಿ ಬಂದಾಗ ಇಂಟ್, ಚಾರ್ ಬಂದವು. ಫಂಕ್ಷನ್ನಿನ ಒಳಗೆ ಘೋಷಿಸಿದ ವೇರಿಯಬಲ್ ತಾನಾಗಿಯೇ ಆಟೊ ಎಂಬ ನಿಯಮವೂ ಇತ್ತು. ಹೀಗಾಗಿ ಆಟೊ ಎಂದು ಬರೆಯುವ ಅಗತ್ಯ ಹೆಚ್ಚುಕಡಿಮೆ ಹೋಯಿತು. ಪದ ಮಾತ್ರ ಪಟ್ಟಿಯಲ್ಲೇ ಉಳಿಯಿತು, ಸವಾರಿ ಇಲ್ಲದೆ ಸ್ಟ್ಯಾಂಡಿನಲ್ಲಿ ನಿಂತ ಗಾಡಿಯ ಹಾಗೆ. ನಾನು ಹೋಗಿ ಡಿಕ್ಕಿ ಹೊಡೆದದ್ದು ಅದಕ್ಕೇ.

1978ರಲ್ಲಿ ಬ್ರಯನ್ ಕರ್ನಿಗನ್ ಮತ್ತು ಡೆನಿಸ್ ರಿಚಿ ಬರೆದ ಪುಸ್ತಕದಲ್ಲಿ ಕೀವರ್ಡ್‌ಗಳು 28 ಇದ್ದವು. ಅವುಗಳಲ್ಲಿ ಒಂದು ನಮಗೆ ಬಹಳ ಪರಿಚಿತ ಪದ: ಎಂಟ್ರಿ! ಅದಕ್ಕೆ ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ, ಮುಂದೆ ಬೇಕಾಗಬಹುದು ಎಂದು ಕಾಯ್ದಿರಿಸಿದ್ದರು. ಬೇಕಾಗಲೇ ಇಲ್ಲ. ಮಾನಕ ತಯಾರಾದಾಗ ಎಂಟ್ರಿಯನ್ನು ಪಟ್ಟಿಯಿಂದ ತೆಗೆದರು. ವಾಯ್ಡ್, ಎನಮ್, ಕಾನ್ಸ್ಟ್, ಸೈನ್ಡ್, ವೊಲಟೈಲ್ ಎಂಬ ಐದು ಪದ ಪಟ್ಟಿಗೆ ಸೇರಿದವು. ಹೊಂದಾಣಿಕೆ ನಮೂದು ಹೀಗೆ: 28 − 1 + 5 = 32. ಡಬಲ್ ಎಂಟ್ರಿ ಓದುವ ನಮಗೆ ಒಂದು ತಮಾಷೆ ಏನೆಂದರೆ, ಇವತ್ತು ಡಬಲ್ ಎಂದು ವೇರಿಯಬಲ್‌ಗೆ ಹೆಸರಿಡುವಂತಿಲ್ಲ, ಎಂಟ್ರಿ ಎಂದು ಇಡಬಹುದು.

ಆಮೇಲೂ ಪಟ್ಟಿ ಬೆಳೆಯಿತು. 1999ರ ಮಾನಕದಲ್ಲಿ ಐದು ಸೇರಿ 37 ಆಯಿತು, 2011ರಲ್ಲಿ ಏಳು ಸೇರಿ 44 ಆಯಿತು. ಹೊಸ ಪದ ಸೇರಿಸುವುದರಲ್ಲಿ ಒಂದು ಕಷ್ಟವಿದೆ. ಯಾರೋ ಹತ್ತು ವರ್ಷದ ಹಿಂದೆ ಬರೆದ ಪ್ರೋಗ್ರಾಮಿನಲ್ಲಿ ಅದೇ ಪದ ವೇರಿಯಬಲ್‌ನ ಹೆಸರಾಗಿದ್ದರೆ ಆ ಪ್ರೋಗ್ರಾಂ ಒಮ್ಮೆಲೇ ಕೆಟ್ಟುಹೋಗುತ್ತದೆ. ಅದಕ್ಕೇ ಆ ಕಾಲದ ಹೊಸ ಕೀವರ್ಡ್‌ಗಳಲ್ಲಿ ಹೆಚ್ಚಿನವು ಅಂಡರ್‌ಸ್ಕೋರ್ ಮತ್ತು ದೊಡ್ಡ ಅಕ್ಷರದಿಂದ ಆರಂಭವಾಗುತ್ತವೆ, ಉದಾಹರಣೆಗೆ _ಬೂಲ್. ಅಂಥ ಹೆಸರುಗಳನ್ನು ನಾವು ಬಳಸಬಾರದು ಎಂದು ನಿಯಮ ಮೊದಲೇ ಹೇಳಿತ್ತು. ನಿವೇಶನ ಮೊದಲೇ ಬಿಟ್ಟಿದ್ದರು, ಮನೆ ಆಮೇಲೆ ಕಟ್ಟಿದರು. ಇತ್ತೀಚಿನ ಮಾನಕವಾದ ಸಿ23ರಲ್ಲಿ ಬೂಲ್, ಟ್ರೂ, ಫಾಲ್ಸ್ ಕೂಡ ನೇರವಾಗಿ ಕೀವರ್ಡ್‌ಗಳಾಗಿವೆ. ಸ್ಟ್ಯಾಂಡಿನಲ್ಲಿ ನಿಂತಿದ್ದ ಆಟೊಗೂ ಅದರಲ್ಲಿ ಹೊಸ ಸವಾರಿ ಸಿಕ್ಕಿದೆ: ಕೊಟ್ಟ ಬೆಲೆಯನ್ನು ನೋಡಿ ವೇರಿಯಬಲ್‌ನ ಬಗೆಯನ್ನು ಕಂಪೈಲರೇ ತಿಳಿದುಕೊಳ್ಳುವಂತೆ ಮಾಡಲು ಈಗ ಅದನ್ನು ಬಳಸಬಹುದು.

ನಮ್ಮ ಪದಗಳೇ, ಬೇರೆ ಕೆಲಸ

ಪಟ್ಟಿಯನ್ನು ಮತ್ತೊಮ್ಮೆ ಓದಿದಾಗ ನನಗೆ ಆಶ್ಚರ್ಯವಾಯಿತು. ಅರ್ಧದಷ್ಟು ಪದಗಳು ನಮ್ಮ ಅಕೌಂಟೆನ್ಸಿ ಮತ್ತು ಬಿಸಿನೆಸ್ ಸ್ಟಡೀಸ್ ತರಗತಿಯವು! ಅದರಿಂದಲೇ ಕಾಮರ್ಸ್‌ನವರು ಹೆಸರಿಡುವಾಗ ಹೆಚ್ಚು ಎಡವುತ್ತೇವೆ. ಆದರೆ ಅದರಿಂದಲೇ ನಮಗೆ ಇವು ಬೇಗ ನೆನಪಿನಲ್ಲೂ ಉಳಿಯುತ್ತವೆ. ಎಲ್ಲಿ ಅರ್ಥ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಗಮನಿಸಿದರೆ ಸಾಕು.

ವಾಯ್ಡ್: ಕಾನೂನು ಜಾರಿಗೊಳಿಸಲಾಗದ ಒಪ್ಪಂದ ವಾಯ್ಡ್ ಎಂದು 1872ರ ಭಾರತೀಯ ಕರಾರು ಕಾಯ್ದೆ ಹೇಳುತ್ತದೆ. ಸಿಯಲ್ಲಿ ಯಾವ ಬೆಲೆಯನ್ನೂ ಹಿಂತಿರುಗಿಸದ ಫಂಕ್ಷನ್ ವಾಯ್ಡ್. ಆದರೆ ಒಂದು ವ್ಯತ್ಯಾಸವಿದೆ. ವಾಯ್ಡ್ ಒಪ್ಪಂದಕ್ಕೆ ಬೆಲೆಯಿಲ್ಲ, ವಾಯ್ಡ್ ಫಂಕ್ಷನ್ ಮಾತ್ರ ತನ್ನ ಕೆಲಸ ಪೂರ್ತಿ ಮಾಡುತ್ತದೆ.

ರಿಟರ್ನ್: ನಮಗೆ ಖರೀದಿ ವಾಪಸಾತಿ, ಮಾರಾಟ ವಾಪಸಾತಿ. ಸಿಯಲ್ಲಿ ಫಂಕ್ಷನ್ನನ್ನು ಮುಗಿಸಿ, ಕರೆದವರಿಗೆ ಬೆಲೆಯನ್ನು ವಾಪಸು ಕೊಡುವುದು. ಅರ್ಥ ಹತ್ತಿರವೇ ಇದೆ.

ಡಿಫಾಲ್ಟ್: ನಮ್ಮ ಮನೆಯಲ್ಲಿ ಈ ಪದ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ, ಕಂತು ತಪ್ಪುವುದು ಎಂದರ್ಥ. ಸಿಯಲ್ಲಿ ಅದು ತಪ್ಪಲ್ಲ. ಸ್ವಿಚ್‌ನಲ್ಲಿ ಯಾವ ಕೇಸೂ ಹೊಂದದಿದ್ದಾಗ ಹೋಗುವ ದಾರಿ.

ರಿಜಿಸ್ಟರ್: ನಮಗೆ ಹಾಜರಿ ಪುಸ್ತಕ. ಸಿಯಲ್ಲಿ "ಈ ವೇರಿಯಬಲ್ಲನ್ನು ಸಾಧ್ಯವಾದರೆ ಪ್ರೊಸೆಸರ್‌ನೊಳಗಿನ ರಿಜಿಸ್ಟರಿನಲ್ಲಿ ಇಡು" ಎಂಬ ಸಲಹೆ. ಅಂಥ ವೇರಿಯಬಲ್‌ನ ವಿಳಾಸ ಕೇಳುವಂತಿಲ್ಲ. ಆದ್ದರಿಂದ ಆಂಪರ್ಸೆಂಡ್ ಹಾಕಿ ಸ್ಕ್ಯಾನ್‌ಎಫ್‌ನಿಂದ ಓದಲು ಹೋದರೆ ಎರರ್.

ಶಾರ್ಟ್: ಗಲ್ಲಾದಲ್ಲಿ ಹಣ ಕಡಿಮೆ ಬಂದರೆ ಶಾರ್ಟ್ ಎನ್ನುತ್ತೇವೆ. ಸಿಯಲ್ಲಿ ಚಿಕ್ಕ ಗಾತ್ರದ ಪೂರ್ಣಾಂಕ. ಸಾಮಾನ್ಯವಾಗಿ ಎರಡು ಬೈಟ್, ಅಂದರೆ −32,768ರಿಂದ 32,767ರವರೆಗೆ. ಜಾಗ ಉಳಿಸೋಣ ಎಂದು ತಿಂಗಳ ಮೊತ್ತ 40,000ವನ್ನು ಶಾರ್ಟ್‌ನಲ್ಲಿ ಇಟ್ಟು ನೋಡಿದೆ. ಪರದೆಯ ಮೇಲೆ −25,536 ಬಂತು.

ಸೈನ್ಡ್ ಮತ್ತು ಅನ್‌ಸೈನ್ಡ್: ಇಲ್ಲಿ ಜಾಗ್ರತೆ ಬೇಕು. ಸಹಿ ಮಾಡಿದ ಚೆಕ್, ಸಹಿ ಇಲ್ಲದ ಚೆಕ್ ಎಂದು ನಮಗೆ ಅನಿಸುತ್ತದೆ. ಸಿಯಲ್ಲಿ ಸೈನ್ ಎಂದರೆ ಸಹಿ ಅಲ್ಲ, ಕೂಡು ಅಥವಾ ಕಳೆ ಚಿಹ್ನೆ. ಅನ್‌ಸೈನ್ಡ್ ಎಂದರೆ ಋಣ ಸಂಖ್ಯೆಗೆ ಜಾಗವೇ ಇಲ್ಲ. ಒಂದು ದಿನ 300 ಬಂದು 450 ಖರ್ಚಾಯಿತು ಎನ್ನಿ, ಗಾಡಿ ಕೆಟ್ಟರೆ ಹಾಗಾಗುತ್ತದೆ. ಅನ್‌ಸೈನ್ಡ್ ಇಂಟ್‌ನಲ್ಲಿ ಕಳೆದು ಹಾಗೆಯೇ ಮುದ್ರಿಸಿದರೆ ನಾಲ್ಕು ಬೈಟ್‌ನ ಯಂತ್ರದಲ್ಲಿ ಉತ್ತರ 4294967146. ನೂರೈವತ್ತು ರೂಪಾಯಿ ನಷ್ಟದ ದಿನ 429 ಕೋಟಿಗೂ ಹೆಚ್ಚು ಲಾಭ! ಲಾಭ-ನಷ್ಟದ ಲೆಕ್ಕಕ್ಕೆ ಅನ್‌ಸೈನ್ಡ್ ಬೇಡವೇ ಬೇಡ.

ಡಬಲ್: ಫ್ಲೋಟ್‌ಗಿಂತ ಹೆಚ್ಚು ನಿಖರತೆಯ ದಶಮಾಂಶ ಸಂಖ್ಯೆ. ಸಾಮಾನ್ಯವಾಗಿ ಫ್ಲೋಟ್‌ಗೆ ನಾಲ್ಕು ಬೈಟ್, ಡಬಲ್‌ಗೆ ಎಂಟು. ಆದರೂ 0.10 ಎಂಬ ಬೆಲೆಯನ್ನು ದ್ವಿಮಾನ ಪದ್ಧತಿಯಲ್ಲಿ ಪೂರ್ಣ ನಿಖರವಾಗಿ ಬರೆಯಲು ಬರುವುದಿಲ್ಲ. ಹಣದ ಲೆಕ್ಕವನ್ನು ಪೈಸೆಗೆ ಬದಲಾಯಿಸಿ ಪೂರ್ಣಾಂಕದಲ್ಲಿ ಇಡುವುದು ಕ್ಷೇಮ.

ಕಾನ್ಸ್ಟ್ ಮತ್ತು ವೊಲಟೈಲ್: ಕಾನ್ಸ್ಟ್ ನಮ್ಮ ಸ್ಥಿರ ವೆಚ್ಚದ ಹಾಗೆ. ಒಮ್ಮೆ ಬೆಲೆ ಕೊಟ್ಟ ಮೇಲೆ ಪ್ರೋಗ್ರಾಂ ಅದನ್ನು ಬದಲಿಸುವಂತಿಲ್ಲ. ಗಾಡಿಯ ಕಂತಿಗೆ ಇದೇ ಸರಿ. ವೊಲಟೈಲ್ ಎಂದರೆ ಷೇರು ಪೇಟೆಯ ಏರಿಳಿತ ನೆನಪಾಗುತ್ತದೆ. ಸಿಯಲ್ಲೂ ಹಾಗೆಯೇ: "ಈ ಬೆಲೆ ಹೊರಗಿನಿಂದ ಬದಲಾಗಬಹುದು, ಪ್ರತಿ ಸಲ ಹೊಸದಾಗಿ ಓದು" ಎಂಬ ಸೂಚನೆ.

ಯೂನಿಯನ್: ಅಬ್ಬಾರ ಸ್ಟ್ಯಾಂಡಿನಲ್ಲಿ ಆಟೊ ಇದೆ, ಯೂನಿಯನ್ನೂ ಇದೆ. ಸಿಯ ಪಟ್ಟಿಯಲ್ಲೂ ಎರಡೂ ಇವೆ. ಸಿಯ ಯೂನಿಯನ್‌ನಲ್ಲಿ ಎಲ್ಲ ಸದಸ್ಯರಿಗೂ ಒಂದೇ ಜಾಗ. ಒಬ್ಬರು ಬಂದು ಕುಳಿತರೆ ಮೊದಲು ಕುಳಿತವರ ಬೆಲೆ ಅಳಿಯುತ್ತದೆ.

ಆಟೊ ಮತ್ತು ಸ್ಟ್ಯಾಟಿಕ್

ಕೊನೆಗೂ ಆಟೊ ಮಾಡುವ ಕೆಲಸವೇನು? ಇಲ್ಲಿ ಹೇಳುವುದು ನಮ್ಮ ಪುಸ್ತಕಗಳಲ್ಲಿರುವ ಹಳೆಯ ಅರ್ಥ. ಅದನ್ನು ಸ್ಟ್ಯಾಟಿಕ್ ಜೊತೆ ಹೋಲಿಸಿದರೆ ಚೆನ್ನಾಗಿ ತಿಳಿಯುತ್ತದೆ. ಒಂದು ಫಂಕ್ಷನ್ ಬರೆದು ಅದರೊಳಗೆ ಬಾಕಿ ಎಂಬ ವೇರಿಯಬಲ್ಲನ್ನು ಸೊನ್ನೆಯಿಂದ ಆರಂಭಿಸೋಣ. ಪ್ರತಿ ಸಲ ಕರೆದಾಗ ಅದಕ್ಕೆ 100 ಕೂಡಿಸಿ ಮುದ್ರಿಸೋಣ. ಮೂರು ಸಲ ಕರೆಯೋಣ.

ಇಂಟ್ ಬಾಕಿ = 0; ಎಂದು ಬರೆದರೆ (ಇದು ತಾನಾಗಿಯೇ ಆಟೊ) ಉತ್ತರ: 100, 100, 100.
ಸ್ಟ್ಯಾಟಿಕ್ ಇಂಟ್ ಬಾಕಿ = 0; ಎಂದು ಬರೆದರೆ ಉತ್ತರ: 100, 200, 300.

ಆಟೊ ವೇರಿಯಬಲ್ ಪ್ರತಿ ಸಲ ಹೊಸದಾಗಿ ಹುಟ್ಟುತ್ತದೆ, ಕೆಲಸ ಮುಗಿದ ಕೂಡಲೇ ಹೋಗುತ್ತದೆ. ಸ್ಟ್ಯಾಟಿಕ್ ವೇರಿಯಬಲ್ ನಮ್ಮ ಖಾತೆಯ ಹಾಗೆ: ನಿನ್ನೆಯ ಕೊನೆಯ ಶಿಲ್ಕೇ ಇವತ್ತಿನ ಆರಂಭದ ಶಿಲ್ಕು. ಇನ್ನೊಂದು ವ್ಯತ್ಯಾಸವೂ ಇದೆ. ಬೆಲೆ ಕೊಡದೆ ಬಿಟ್ಟರೆ ಸ್ಟ್ಯಾಟಿಕ್ ಸೊನ್ನೆಯಿಂದ ಶುರುವಾಗುತ್ತದೆ, ಆಟೊದಲ್ಲಿ ಏನಿರುತ್ತದೆ ಎಂದು ಹೇಳಲಾಗದು. ಆದ್ದರಿಂದ ಮೊತ್ತ ಕೂಡಿಸುವ ವೇರಿಯಬಲ್‌ಗೆ ಸೊನ್ನೆ ಕೊಡುವುದನ್ನು ಮರೆಯಬಾರದು.

ಕೀವರ್ಡ್ ಎಂದು ತಪ್ಪಾಗಿ ತಿಳಿಯುವ ಪದಗಳು

ಮೇನ್, ಪ್ರಿಂಟ್‌ಎಫ್, ಸ್ಕ್ಯಾನ್‌ಎಫ್ ಇವು ಪ್ರತಿ ಪ್ರೋಗ್ರಾಮಿನಲ್ಲೂ ಬರುತ್ತವೆ, ಆದರೆ ಕೀವರ್ಡ್‌ಗಳಲ್ಲ. ಇವು ಫಂಕ್ಷನ್‌ಗಳ ಹೆಸರು. ಇನ್‌ಕ್ಲೂಡ್, ಡಿಫೈನ್ ಕೂಡ ಕೀವರ್ಡ್‌ಗಳಲ್ಲ. ಅವು ಕಂಪೈಲ್ ಆಗುವ ಮುಂಚೆ ಕೆಲಸ ಮಾಡುವ ಪ್ರೀಪ್ರೊಸೆಸರ್‌ಗೆ ಕೊಡುವ ಸೂಚನೆಗಳು.

ಇನ್ನು ಮೂರು ಸಂಗತಿ ನೆನಪಿಡಿ. ಒಂದು, ಸಿ ಭಾಷೆ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದು ನೋಡುತ್ತದೆ. 32 ಕೀವರ್ಡ್‌ಗಳೂ ಸಣ್ಣಕ್ಷರದವು. ಮೊದಲ ಅಕ್ಷರ ದೊಡ್ಡದು ಮಾಡಿದರೆ ಆಟೊ ಕೂಡ ಹೆಸರಾಗಬಲ್ಲದು, ಆದರೆ ಓದುವವರಿಗೆ ಗೊಂದಲ, ಮಾಡದಿರುವುದೇ ಒಳ್ಳೆಯದು. ಎರಡು, ಉದ್ಧರಣ ಚಿಹ್ನೆಯ ಒಳಗೆ ಮತ್ತು ಕಮೆಂಟ್‌ನಲ್ಲಿ ಯಾವ ಪದವನ್ನಾದರೂ ಬರೆಯಬಹುದು. "ಆಟೊ ಕಮಾಯಿ ಎಷ್ಟು?" ಎಂದು ಮುದ್ರಿಸಲು ಯಾವ ಅಡ್ಡಿಯೂ ಇಲ್ಲ. ಮೂರು, ಕಂಪೈಲರ್ ಸಾಧ್ಯವಾದಷ್ಟು ಉದ್ದದ ತುಂಡನ್ನು ತೆಗೆದುಕೊಳ್ಳುತ್ತದೆ. ಇಂಟರೆಸ್ಟ್ ಎಂಬ ಪದ ಇಂಟ್ ಎಂದೇ ಆರಂಭವಾಗುತ್ತದೆ, ಆದರೂ ಇಡೀ ಪದ ಪಟ್ಟಿಯಲ್ಲಿ ಇಲ್ಲದ ಕಾರಣ ಬಡ್ಡಿಗೆ ಆ ಹೆಸರು ಧಾರಾಳವಾಗಿ ಇಡಬಹುದು. ಡಬಲ್_ಎಂಟ್ರಿ ಕೂಡ ಸರಿಯೇ.

ಹೆಸರು ಎಲ್ಲಿಂದ ತರಬೇಕು?

ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಳಸಬಹುದು. ಅಂಕಿಯಿಂದ ಆರಂಭಿಸಬಾರದು, ನಡುವೆ ಜಾಗ ಬಿಡಬಾರದು, ಕೀವರ್ಡ್ ಆಗಿರಬಾರದು. ಪದ ಇಂಗ್ಲಿಷ್ ಭಾಷೆಯದ್ದೇ ಆಗಿರಬೇಕು ಎಂದು ಮಾತ್ರ ಎಲ್ಲೂ ಹೇಳಿಲ್ಲ. ಇದು ಗೊತ್ತಾದ ದಿನ ನನಗೆ ನಿಜವಾಗಿ ಖುಷಿಯಾಯಿತು. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ಕಡೆ ಓಡಾಡುವ ನಮ್ಮಂಥವರಿಗೆ ಯಾವ ಭಾಷೆಯೂ ಪೂರ್ತಿ ನಮ್ಮದಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಸಿ ಕಾಯ್ದಿರಿಸಿದ್ದು 32 ಪದ ಮಾತ್ರ. ಅವುಗಳಲ್ಲಿ ನಮ್ಮ ಮನೆಮಾತಿನ ಪದ ಒಂದೂ ಇಲ್ಲ. ಕಮಾಯಿ, ಖರ್ಚು, ಜಮಾ, ಬಾಕಿ, ವಸೂಲಿ, ರಸೀದಿ ಎಲ್ಲವೂ ಖಾಲಿ ಇವೆ! ಇವುಗಳಲ್ಲಿ ಹೆಚ್ಚಿನವು ಪಾರಸಿ, ಅರಬ್ಬಿಯಿಂದ ಬಂದು ಕನ್ನಡದ ಲೆಕ್ಕದ ಪುಸ್ತಕಗಳಲ್ಲಿ ಎಂದೋ ನೆಲೆಸಿದ ಪದಗಳು. ಅಮ್ಮಿಯೂ ಇವನ್ನೇ ಬರೆಯುತ್ತಾರೆ, ನಮ್ಮ ಬೀದಿಯ ಕಿರಾಣಿ ಅಂಗಡಿಯವರೂ ಇವನ್ನೇ ಬರೆಯುತ್ತಾರೆ. ಈಗ ನನ್ನ ಪ್ರೋಗ್ರಾಮಿನಲ್ಲೂ ಇವೆ.

ಆ ಪ್ರೋಗ್ರಾಂ ಈಗ ಹೀಗಿದೆ. ಕಾನ್ಸ್ಟ್ ಇಂಟ್ ಆಗಿ ಕಂತು. ಏಳು ದಿನಕ್ಕೆ ಒಂದು ಫಾರ್ ಲೂಪ್. ಗಾಡಿ ಹೊರಡದ ದಿನ ಕಮಾಯಿ ಸೊನ್ನೆ ಎಂದು ಕೊಟ್ಟರೆ, ಕಂಟಿನ್ಯೂ ಎಂದು ಆ ದಿನವನ್ನು ಬಿಟ್ಟು ಮುಂದಿನ ದಿನಕ್ಕೆ ಹೋಗುತ್ತದೆ. ಉಳಿದ ದಿನ ಮೂರು ಪ್ರಶ್ನೆ ಕೇಳುತ್ತದೆ: ಕಮಾಯಿ ಎಷ್ಟು, ಗ್ಯಾಸ್ ಎಷ್ಟು, ಬೇರೆ ಖರ್ಚು ಎಷ್ಟು? ಈ ಮೂರನೇ ಪ್ರಶ್ನೆ ಅಮ್ಮಿಯ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಒಂದು ವಾರ ಪ್ರತಿ ರಾತ್ರಿ ಅಬ್ಬಾರನ್ನು ಕೇಳಿ ಬರೆದುಕೊಂಡು ಹೋಗಿ ಲ್ಯಾಬ್‌ನಲ್ಲಿ ತುಂಬಿಸಿದೆ. ಪಂಕ್ಚರ್, ಆಯಿಲ್, ಸ್ಟ್ಯಾಂಡಿನ ಚಹಾ, ಯಾರಿಗೋ ಕೊಟ್ಟ ಚಿಲ್ಲರೆ. ವಾರಕ್ಕೆ ಕೂಡಿಸಿದಾಗ ನಾನೂರು ರೂಪಾಯಿ ದಾಟಿತ್ತು. ಡಬ್ಬದಲ್ಲಿ ಶಾರ್ಟ್ ಆಗುತ್ತಿದ್ದದ್ದು ಅದೇ. ಅಮ್ಮಿ ಏನೂ ಹೇಳಲಿಲ್ಲ. ಸ್ಕೇಲು ತಂದು ನೋಟ್‌ಬುಕ್ಕಿನಲ್ಲಿ ಮೂರನೇ ಗೆರೆ ಎಳೆದರು.

"ನನ್ನ ಗಾಡಿಯ ಹೆಸರಿಟ್ಟರೆ ಯಾಕೆ ಒಪ್ಪಲಿಲ್ಲ?" ಎಂದು ಅಬ್ಬಾ ಕೇಳಿದರು. "ಆ ಹೆಸರನ್ನು ನಮಗಿಂತ ಮುಂಚೆ ಬೇರೆಯವರು ಬುಕ್ ಮಾಡಿದ್ದರು" ಎಂದೆ. "ಹಾಗಾದರೆ ಸರಿ, ಬುಕ್ ಆದ ಗಾಡಿಗೆ ಬೇರೆ ಸವಾರಿ ಹತ್ತಿಸಬಾರದು" ಎಂದರು. ಕೀವರ್ಡ್‌ಗೆ ಇದಕ್ಕಿಂತ ಚಿಕ್ಕ ವ್ಯಾಖ್ಯೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

ಮಾಹಿತಿ ಪತ್ರವನ್ನು ಬ್ಯಾಗಿನಿಂದ ತೆಗೆದು ಬಿಡಿಸಿ ಇಟ್ಟಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಬಿಸಿಎಗೆ ಅರ್ಜಿ ಹಾಕುತ್ತೇನೆ. ಸ್ನೇಹಿತರೇ, ನಿಮಗೂ ಅರ್ಥವಾಗದ ಎರರ್ ಬಂದರೆ "ಇದು ನನಗಲ್ಲ" ಎಂದು ಎದ್ದು ಹೋಗುವ ಮುಂಚೆ ಪದದ ಬಣ್ಣ ಒಮ್ಮೆ ನೋಡಿ.

ಅಭ್ಯಾಸಕ್ಕೆ: ಯಾವುದು ಸರಿ, ಯಾವುದು ತಪ್ಪು?

1. ಇಂಟ್ ಕೇಸ್ = 12;
2. ಫ್ಲೋಟ್ ಇಂಟರೆಸ್ಟ್ = 8.5;
3. ಇಂಟ್ ರಿಟರ್ನ್ಸ್ = 200;
4. ಇಂಟ್ 2ದಿನ = 600;
5. ಇಂಟ್ ಎಂಟ್ರಿ = 1;
6. ಮೇನ್ ಒಳಗೆ ಇಂಟ್ ಪ್ರಿಂಟ್‌ಎಫ್ = 3;

ಉತ್ತರ: 1 ತಪ್ಪು, ಕೇಸ್ ಕೀವರ್ಡ್. 2 ಸರಿ. 3 ಸರಿ, ಕೊನೆಯಲ್ಲಿ ಒಂದು ಅಕ್ಷರ ಹೆಚ್ಚಾದರೂ ಅದು ಬೇರೆ ಪದ. 4 ತಪ್ಪು, ಆದರೆ ಕೀವರ್ಡ್‌ನಿಂದಲ್ಲ, ಅಂಕಿಯಿಂದ ಆರಂಭವಾದದ್ದರಿಂದ. 5 ಸರಿ, 1978ರಲ್ಲಿ ತಪ್ಪಾಗುತ್ತಿತ್ತು. 6 ಆ ಸಾಲಿಗೆ ಎರರ್ ಬರುವುದಿಲ್ಲ, ಆದರೆ ಅದರ ಮುಂದೆ ಅಲ್ಲಿ ಪ್ರಿಂಟ್‌ಎಫ್‌ನಿಂದ ಮುದ್ರಿಸಲು ಹೋದರೆ ಎರರ್ ಬರುತ್ತದೆ. ಯಾಕೆ ಎಂದು ನೀವೇ ಯೋಚಿಸಿ, ಲ್ಯಾಬ್‌ನಲ್ಲಿ ಸಿಕ್ಕಾಗ ನನಗೆ ಹೇಳಿ.